ತಲಪಾಡಿಯ ಆಚೆ ಈಚೆ ಒಂದೇ ನಾಟಕ: ನನ್ನ ಅನುಭವ

ಕಾಸರಗೋಡಿನಲ್ಲಿ ಇದ್ದುಕೊಂಡು ತಲಪಾಡಿ ಗಡಿಯ ಈಚೆ ಕೇರಳ, ಆಚೆ ಕರ್ನಾಟಕ, ಎರಡೂ ಕಡೆ ಒಂದೇ ನಾಟಕ ಆಡುತ್ತೇವೆ, ಅನುವಾದ ಮಾಡುವುದಿಲ್ಲ ಎಂದು ನಾವು ಹೊರಟಾಗ ಬುದ್ಧಿ ಹೇಳದವರು ಯಾರೂ ಉಳಿದಿರಲಿಲ್ಲ. “ತುಳುವಿನಲ್ಲಿ ಒಂದು ಹಾಸ್ಯ ನಾಟಕ ಮಾಡಿ ಮಾರಾಯ್ರೆ, ದುಡ್ಡೂ ಆಗ್ತದೆ, ಹೆಸರೂ ಆಗ್ತದೆ” ಎಂದು ಮಂಗಳೂರಿನ ಹಿರಿಯ ರಂಗಕರ್ಮಿಯೊಬ್ಬರು ಕಾಳಜಿಯಿಂದಲೇ ಹೇಳಿದ್ದರು. ಪಯ್ಯನ್ನೂರಿನ ಗೆಳೆಯರು ಮಲಯಾಳದಲ್ಲಿ ಬರೆಸಿ ಸ್ಪರ್ಧೆಗೆ ಹಾಕಿ ಎಂದರು. ಎರಡು ದೋಣಿಯ ಮೇಲೆ ಕಾಲಿಟ್ಟವರು ನಡುನೀರಿಗೇ ಬೀಳುವುದು ಎಂದವರೂ ಇದ್ದರು. ಈಗ ಹತ್ತು ವರ್ಷ ದಾಟಿದೆ. ಬೀಡಿ ಕಟ್ಟುವವರ ಬದುಕಿನ ಒಂದೇ ನಾಟಕದ ಪ್ರದರ್ಶನ 200ರ ಹತ್ತಿರ ಬಂದಿದೆ. ನಟರ ಸಂಭಾವನೆ ಆ ರಾತ್ರಿಯೇ ಅವರ ಕೈ ಸೇರುತ್ತದೆ, ತಂಡದ ಮೇಲೆ ಒಂದು ರೂಪಾಯಿ ಸಾಲ ಇಲ್ಲ. ಈ ಗಡಿಯ ಎರಡೂ ಬದಿಯಲ್ಲಿ ಇಷ್ಟು ಕಾಲ ಒಂದೇ ನಾಟಕವನ್ನು ನಡೆಸಿಕೊಂಡು ಬಂದ ಇನ್ನೊಂದು ಹವ್ಯಾಸಿ ತಂಡವನ್ನು ನಾನಂತೂ ಕಂಡಿಲ್ಲ. ಹೇಗೆ ಮಾಡಿದಿರಿ ಎಂದು ಸಣ್ಣ ತಂಡ ಕಟ್ಟಿಕೊಂಡವರು ಮತ್ತೆ ಮತ್ತೆ ಕೇಳುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ. ರಿಹರ್ಸಲ್ ಹೇಗೆ ಮಾಡಬೇಕು, ಬೆಳಕು ಹೇಗೆ ಕೂಡಿಸಬೇಕು ಎಂಬುದೆಲ್ಲ ನಿಮಗೆ ಗೊತ್ತೇ ಇದೆ.

ಮೊದಲು ಸೋತ ಲೆಕ್ಕ ಹೇಳುತ್ತೇನೆ. 2014–15ರ ಸುಮಾರಿಗೆ ನಾವು ನಾಲ್ಕು ಜನ. ಮೊದಲ ನಾಟಕಕ್ಕೆ ಮಂಗಳೂರಿನಲ್ಲಿ ಹಾಲ್ ಹಿಡಿದೆವು. ಬಾಡಿಗೆ, ಲೈಟು, ಸೌಂಡು, ಸೆಟ್ ತರುವ ಟೆಂಪೋ, ಬ್ಯಾನರ್, ಊಟ ಎಲ್ಲ ಸೇರಿ 38 ಸಾವಿರದ ಹತ್ತಿರ ಹೋಯಿತು. ಟಿಕೆಟಿನಿಂದ ಬಂದದ್ದು 9 ಸಾವಿರ. ಬಂದವರಲ್ಲಿ ಅರ್ಧ ಜನ ನಮ್ಮ ಹಾಗೆ ನಾಟಕ ಮಾಡುವವರೇ. ಅವರ ನಾಟಕಕ್ಕೆ ನಾವು ಹೋಗುತ್ತೇವೆ, ನಮ್ಮದಕ್ಕೆ ಅವರು ಬರುತ್ತಾರೆ. ಅದೇ ನಾಟಕವನ್ನು ನೀಲೇಶ್ವರದ ಕಡೆಯ ಒಂದು ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ಆಡಿದೆವು. ವೇದಿಕೆ ಗಾನಮೇಳಕ್ಕೆ ಕಟ್ಟಿದ್ದು, ಐದು ಜನ ನಿಂತರೆ ಕಾಣಿಸುವುದೇ ಇಲ್ಲ. ನಮ್ಮದು ಮುಗಿಯುವ ಮೊದಲೇ ಪಕ್ಕದಲ್ಲಿ ಗಾನಮೇಳದವರು ಮೈಕ್ ಪರೀಕ್ಷೆ ಶುರು ಮಾಡಿದರು. ಅಲ್ಲಿ 22 ಸಾವಿರ ಖರ್ಚು, ಬಕೆಟ್ ಹಿಡಿದು ಒಟ್ಟಾದದ್ದು 4 ಸಾವಿರ. ನನ್ನ ನಾಲ್ಕು ಬಳೆ ಸಹಕಾರಿ ಸಂಘದಲ್ಲಿ ಅಡವು ಕೂತವು. ಅವನ್ನು ಬಿಡಿಸಿಕೊಂಡದ್ದು ಬೀಡಿ ನಾಟಕ ಬಂದ ಮೇಲೆಯೇ.

ಅನುದಾನದ ಕಥೆಯನ್ನು ಬೇಗ ಮುಗಿಸುತ್ತೇನೆ. ಒಂದು ಕಚೇರಿಯಿಂದ ಮಂಜೂರಾತಿ ಪತ್ರ ಬಂತು. ಅದನ್ನು ನಂಬಿ ಸಾಲ ಮಾಡಿ ನಾಟಕ ಕಟ್ಟಿದೆವು, ಹಣ ಬರಲು ಎರಡು ವರ್ಷ ಹಿಡಿಯಿತು, ಬಂದದ್ದೂ ಹೇಳಿದ್ದರ ಅರ್ಧ. ಆಮೇಲಿಂದ ಅನುದಾನವನ್ನು ನಾವು ಬಜೆಟ್ಟಿನಲ್ಲಿ ಬರೆಯುವುದೇ ಇಲ್ಲ, ಬಂದರೆ ಮುಂದಿನ ವರ್ಷದ ಪೆಟ್ಟಿಗೆಗೆ. ನೋಂದಣಿ ಕಾಸರಗೋಡಿನಲ್ಲೇ ಮಾಡಿಸಿದ್ದೇವೆ. ಕಾಸರಗೋಡು ಸೇರಿದ ಉತ್ತರ ಕೇರಳದ ಮಲಬಾರಿಗೆ ಈಗಲೂ 1860ರ ಸೊಸೈಟಿ ಕಾಯ್ದೆಯೇ ನಡೆಯುವುದು, ಕೆಲಸ ಸುಲಭ. ಆಚೆ ಕಡೆಯ ಯೋಜನೆಗಳಿಗಾಗಿ ಕರ್ನಾಟಕದಲ್ಲೂ ಒಂದು ನೋಂದಣಿ ಮಾಡಿ ಎಂದು ಹೇಳಿದವರಿದ್ದಾರೆ. ಎರಡು ಲೆಕ್ಕ, ಎರಡು ಆಡಿಟ್, ಎರಡು ಮಹಾಸಭೆ ಇಟ್ಟುಕೊಂಡು ನಾಟಕ ಯಾವಾಗ ಮಾಡುವುದು?

ಭಾಷೆಗಾಗಿ ಮಾಡಿದ ಪ್ರಯೋಗಗಳಿಗೂ ದುಡ್ಡು ಹೋಗಿದೆ. 14 ಸಾವಿರಕ್ಕೆ ಹಳೆಯ ಪ್ರೊಜೆಕ್ಟರ್ ಕೊಂಡು ಮಾತುಗಳನ್ನು ಮೇಲೆ ಪರದೆಯಲ್ಲಿ ತೋರಿಸಿದೆವು. ಜನ ಅದನ್ನೇ ಓದುತ್ತಾ ಕೂತರು, ನಟಿಯ ಮುಖ ನೋಡಲಿಲ್ಲ. ನಗುವ ಮಾತನ್ನು ಮೊದಲೇ ಓದಿ ನಕ್ಕುಬಿಟ್ಟರು, ಆಮೇಲೆ ಅವಳು ಹೇಳುವಾಗ ಸಭೆ ತಣ್ಣಗಿತ್ತು. ಎಂಟು ಹತ್ತು ಪ್ರದರ್ಶನದ ನಂತರ ಪ್ರೊಜೆಕ್ಟರನ್ನು 5 ಸಾವಿರಕ್ಕೆ ಕೊಟ್ಟೆವು. ಇನ್ನೊಮ್ಮೆ ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅನುವಾದ ಕೇಳುವ ವ್ಯವಸ್ಥೆ ಮಾಡಿದೆವು. ಬದಿಯಡ್ಕದ ಆಚೆಗೆ ಆಗ ನೆಟ್‌ವರ್ಕ್ ಇರಲಿಲ್ಲ ಎಂಬುದು ಒಂದು ಮಾತು. ಅದಕ್ಕಿಂತ ಹೆಚ್ಚಾಗಿ, ಇಯರ್‌ಫೋನ್ ಹಾಕಿಕೊಂಡ ಮನುಷ್ಯ ಪಕ್ಕದವರ ಜೊತೆ ನಗುವುದಿಲ್ಲ. ಹಾಗೆ ಒಂಟಿಯಾಗಿ ಕೂತು ನೋಡುವವರಿಗಾಗಿ ಅಷ್ಟು ದೂರ ಹೋಗಿ ಆಡಬೇಕಾಗಿಲ್ಲ ಅನ್ನಿಸಿತು.

ದಾರಿ ಸಿಕ್ಕಿದ್ದು ಬೀಡಿಯಿಂದ. ನನ್ನ ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಈ ಸೀಮೆಯ ಎಷ್ಟೋ ಮನೆಗಳ ಕಥೆ ಇದೇ. ಆದರೆ ಬೀಡಿಯ ಒಂದು ಭಾಗ ನನಗೆ ದೊಡ್ಡವಳಾದ ಮೇಲೆ, ಕಣ್ಣೂರಿಗೆ ಹೋಗಿ ಬಂದ ಮೇಲೆ ತಿಳಿಯಿತು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. 1968ರಲ್ಲಿ ಕೇರಳ ಅದನ್ನು ಜಾರಿಗೆ ತಂದಾಗ ಮಂಗಳೂರಿನ ಮಾಲೀಕರು ಕಣ್ಣೂರಿನ ಕಡೆಯ ಕಾರ್ಖಾನೆಗಳನ್ನು ಮುಚ್ಚಿಕೊಂಡು ಬಂದರು. ಸುಮಾರು 12 ಸಾವಿರ ಜನರ ಕೆಲಸ ಹೋಯಿತು. ಮರುವರ್ಷವೇ, 1969ರಲ್ಲಿ, ಅಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಅಲ್ಲಿನ ಶೆಡ್ಡುಗಳಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ, ಉಳಿದವರು ಕೇಳುತ್ತಾ ಬೀಡಿ ಕಟ್ಟುತ್ತಿದ್ದರು, ಓದುವವನ ಪಾಲಿನ ಬೀಡಿಯನ್ನೂ ಅವರೇ ಕಟ್ಟಿ ತುಂಬಿಸುತ್ತಿದ್ದರು. ನಮ್ಮ ಕಡೆ ಹೆಂಗಸರು ಜಗಲಿಯಲ್ಲಿ ರೇಡಿಯೋ ಹಾಕಿಕೊಂಡು ಕಟ್ಟುವುದು, ಕಟ್ಟು ಮಾಡಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗುವುದು, ಅಲ್ಲಿ ಒಂದಷ್ಟನ್ನು ಸರಿಯಿಲ್ಲ ಎಂದು ಬದಿಗೆ ತಳ್ಳಿಸಿಕೊಂಡು ಬರುವುದು. ಕೆಲಸ ಒಂದೇ, ಬದುಕು ಎರಡು. ನಾಟಕ ಅಲ್ಲಿಯೇ ಇತ್ತು. ರಂಗದ ಒಂದು ಪಕ್ಕ ಶೆಡ್ಡು, ಇನ್ನೊಂದು ಪಕ್ಕ ಜಗಲಿ. ಐದು ಪಾತ್ರ, ಒಂದೂಕಾಲು ಗಂಟೆ.

ನಟರಿಗೆ ಮಾತು ಕಲಿಸುವ ಮೊದಲು ಬೀಡಿ ಕಟ್ಟುವುದನ್ನು ಕಲಿಸಿದೆವು. ನೆರೆಮನೆಯ ಅಕ್ಕ ಒಬ್ಬರು ಗುರು. ಎಲೆಯನ್ನು ಹಿಂದಿನ ರಾತ್ರಿ ನೀರು ತಾಗಿಸಿ ಗೋಣಿಯಲ್ಲಿ ಸುತ್ತಿಡಬೇಕು, ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸಬೇಕು, ನರ ಅಡ್ಡ ಬರಬಾರದು. ಹುಡಿ ಹಾಕಿ ಹೆಬ್ಬೆರಳಿನಲ್ಲಿ ಸುರುಳಿ ತಿರುಗಿಸುವಾಗ ಬುಡ ಸಪೂರ, ತಲೆ ದಪ್ಪ ಬರಬೇಕು. ತಲೆ ಮಡಚಿ ಉಗುರಿನಲ್ಲಿ ಒಳಗೆ ಒತ್ತಿ ನೂಲು ಸುತ್ತಿದರೆ ಒಂದು ಬೀಡಿ. ಕಟ್ಟಿ ಅಭ್ಯಾಸ ಇರುವವರು ದಿನಕ್ಕೆ ಸಾವಿರ ಮುಗಿಸುತ್ತಾರೆ. ತೃಶ್ಶೂರಿನ ಸ್ಕೂಲ್ ಆಫ್ ಡ್ರಾಮಾದಲ್ಲಿ ಕಲಿತು ಬಂದ ನಮ್ಮ ಒಬ್ಬ ಹುಡುಗ ಮೊದಲ ವಾರ ಗಂಟೆಗೆ ಏಳೆಂಟು ಕಟ್ಟುತ್ತಿದ್ದ, ಅದೂ ಬಿಚ್ಚಿಕೊಳ್ಳುತ್ತಿತ್ತು. ಎರಡು ತಿಂಗಳ ನಂತರ ಕೈ ನೋಡದೆ, ಎದುರಿನವನ ಮುಖ ನೋಡಿ ಮಾತಾಡುತ್ತಾ ಕಟ್ಟಲು ಬಂತು. ಆವತ್ತಿನಿಂದ ಅವನ ನಟನೆಯೇ ಬೇರೆ ಆಯಿತು. ಹೊಗೆಸೊಪ್ಪು ನಾವು ರಂಗದ ಮೇಲೆ ತರುವುದಿಲ್ಲ. ಎದುರಿಗೆ ಮಕ್ಕಳು ಕೂತಿರುತ್ತಾರೆ, ನಟರಿಗೂ ಕೆಮ್ಮು. ಬಳಸಿ ಒಣಗಿಸಿದ ಚಹಾ ಹುಡಿ ಸಾಕು. ಆದರೂ ಮೊದಲ ಹತ್ತು ನಿಮಿಷದಲ್ಲಿ ಅಂಗಳವಿಡೀ ಬ್ರಾಂಚಿನ ವಾಸನೆ ಹರಡುತ್ತದೆ, ಮುದುಕಿಯರು ಸೆರಗು ಮೂಗಿಗೆ ಹಿಡಿಯುತ್ತಾರೆ. ಅದು ಎಲ್ಲಿಂದ ಬರುತ್ತದೆ ಎಂಬುದು ನಮ್ಮ ತಂಡದೊಳಗೇ ಇರಲಿ.

ಮಾತಿನ ವಿಷಯದಲ್ಲಿ ಒಂದೇ ನಿಯಮ ಇಟ್ಟುಕೊಂಡೆವು. ಸಭೆಗೆ ಬಾರದ ಭಾಷೆಯ ಮಾತು ಯಾವಾಗಲೂ ಸಭೆಗೆ ಗೊತ್ತಿರುವ ಕೈಕೆಲಸದ ಮೇಲೆ ಬರಬೇಕು. ನಟಿ ತುಳುವಿನಲ್ಲಿ ಗಂಡನನ್ನು ಬೈಯುತ್ತಾಳೆ. ಆದರೆ ಬೈಯುವಾಗ ಅವಳು ಎಣಿಸುತ್ತಿರುವುದು ಬೀಡಿ, ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿಂದ ಎಣಿಸುತ್ತಾಳೆ. ಚೆರುವತ್ತೂರಿನ ಪ್ರೇಕ್ಷಕರಿಗೆ ತುಳು ಒಂದು ಶಬ್ದವೂ ಬಾರದು, ಅವರು ಆ ಜಾಗದಲ್ಲಿ ನಗುವುದು ಉಪ್ಪಿನಂಗಡಿಯವರು ನಕ್ಕಷ್ಟೇ ಜೋರಾಗಿ. ನಾಟಕದೊಳಗೆ ಎಂಟು ಕಡೆ ಇದನ್ನು ಹೀಗೆಯೇ ಹಾಕಿದ್ದೇವೆ. ಓದುವವನ ಮಲಯಾಳ ಪತ್ರಿಕೆ ಭಾಗ ಸುಳ್ಯದಲ್ಲಿ ಹೇಗೆ ನಿಲ್ಲುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಉಪಾಯ ಇದೆ, ನೋಡಿದವರಿಗೆ ಗೊತ್ತಾಗುತ್ತದೆ, ಬರೆದರೆ ಕೆಡುತ್ತದೆ.

ಇನ್ನೊಂದು ಸಂಗತಿ ತಿರುಗಾಡಿದ ಮೇಲೆ ಮನದಟ್ಟಾಯಿತು. ರಾಜ್ಯದ ಗಡಿ ತಲಪಾಡಿಯಲ್ಲಿ, ಆದರೆ ಸಭೆ ಬದಲಾಗುವುದು ಚಂದ್ರಗಿರಿ ಹೊಳೆಯಲ್ಲಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಪ್ರೇಕ್ಷಕರು ಬಂಟ್ವಾಳದವರ ಹಾಗೆಯೇ ನಾಟಕ ನೋಡುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಜನ, ಯಕ್ಷಗಾನದ ಲಯ ಮೈಯಲ್ಲಿದೆ. ಮಾತಿಗೆ ಮಾತು ಕೊಡುವುದನ್ನು ಕಾಯುತ್ತಾರೆ. ಹೊಳೆ ದಾಟಿ ಕಾಞಂಗಾಡಿನ ಕಡೆಗೆ ಹೋದರೆ ಜನ ಸುಮ್ಮನೆ ಕೂತು ನೋಡುತ್ತಾರೆ, ಮುಗಿದ ಮೇಲೆ ಅರ್ಧ ಗಂಟೆ ಚರ್ಚೆಗೆ ನಿಲ್ಲಿಸಿಕೊಳ್ಳುತ್ತಾರೆ. ಹಾಗಾಗಿ ಹೊಳೆಯ ಉತ್ತರಕ್ಕೆ ಒಂದು ನಡೆ, ದಕ್ಷಿಣಕ್ಕೆ ಇನ್ನೊಂದು ನಡೆ. ಮಾತು ಅದೇ, ಬಿಡುವಿನ ಜಾಗ ಮಾತ್ರ ಬೇರೆ.

2020ರ ಮಾರ್ಚ್ ಕೊನೆಗೆ ಕೋವಿಡ್‌ನಿಂದಾಗಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಮ್ಮಲ್ಲಿ ಮೂವರು ಈಚೆ, ಇಬ್ಬರು ಆಚೆ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಪಾಡು ಏನಾಯಿತು ಎಂಬುದು ಎಲ್ಲರಿಗೂ ತಿಳಿದದ್ದೇ. ಆ ನೋವಿನ ಎದುರು ನಾಟಕ ನಿಂತದ್ದು ದೊಡ್ಡ ಮಾತಲ್ಲ. ಆದರೆ ತಂಡ ಉಳಿಯಬೇಕಿತ್ತು. ಆಗ ಶುರು ಮಾಡಿದ್ದು ಪಾತ್ರಕ್ಕೆ ಇಬ್ಬರು ಎಂಬ ಪದ್ಧತಿ. ಪ್ರತಿ ಪಾತ್ರವನ್ನೂ ಆಚೆ ಒಬ್ಬರು, ಈಚೆ ಒಬ್ಬರು ಕಲಿಯುವುದು. ವಾಟ್ಸಾಪಿನಲ್ಲಿ ಒಬ್ಬರ ಕೈ ನೋಡಿ ಇನ್ನೊಬ್ಬರು ಕಲಿತರು. ಐದು ಪಾತ್ರಕ್ಕೆ ಹತ್ತು ಜನ ಯಾಕೆ, ರಿಹರ್ಸಲ್ ಖರ್ಚು ಇಮ್ಮಡಿ ಆಗುವುದಿಲ್ಲವೇ ಎಂದು ಕೇಳಿದವರಿಗೆ ಆಗ ಉತ್ತರ ಇರಲಿಲ್ಲ. ಖರ್ಚು ನಿಜವಾಗಿಯೂ ಇಮ್ಮಡಿ ಆಯಿತು, ಆ ವರ್ಷ ಸುಮಾರು 70 ಸಾವಿರ.

ಅದರ ಬೆಲೆ ತಿಳಿದದ್ದು 2021ರ ಕೊನೆಗೆ ಮತ್ತೆ ತಿರುಗಾಟ ಹೊರಟಾಗ. ನಮ್ಮ ನಟರಲ್ಲಿ ಹೆಚ್ಚಿನವರು ಮಾಸ್ಟ್ರುಗಳು, ಟೀಚರುಗಳು. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಕೇರಳದ ರಜೆಯೇ: ಓಣಂಗೆ ಹತ್ತು ದಿನ, ಕ್ರಿಸ್ಮಸ್‌ಗೆ ಹತ್ತು ದಿನ. ದಕ್ಷಿಣ ಕನ್ನಡದವರಿಗೆ ದಸರಾ ರಜೆ. ಏಪ್ರಿಲ್–ಮೇ ಬಿಟ್ಟರೆ ಐವರಿಗೂ ಒಟ್ಟಿಗೆ ಬಿಡುವು ಅಂತ ಸಿಕ್ಕುವುದೇ ಇಲ್ಲ. ಪಾತ್ರಕ್ಕೆ ಇಬ್ಬರು ಆದಾಗ ಓಣಂಗೆ ಈಚೆಯವರು ಹೊರಡುತ್ತಾರೆ, ದಸರಾಕ್ಕೆ ಆಚೆಯವರು. ಒಬ್ಬರಿಗೆ ಪರೀಕ್ಷೆ ಡ್ಯೂಟಿ ಬಿದ್ದರೆ ಇನ್ನೊಬ್ಬರು ಬರುತ್ತಾರೆ. ವರ್ಷಕ್ಕೆ ಹದಿನೈದು ಪ್ರದರ್ಶನ ಮಾಡಲು ಒದ್ದಾಡುತ್ತಿದ್ದವರು 40–45ಕ್ಕೆ ಬಂದೆವು. ಜೋಡಿ ಬದಲಾದ ಹಾಗೆ ರಂಗದ ಮೇಲಿನ ಭಾಷೆಯ ಬೆರಕೆಯೂ ಬದಲಾಗುತ್ತದೆ. ಒಮ್ಮೆ ಬ್ಯಾರಿ ಭಾಷೆ ಮಾತಾಡುವ ಹುಡುಗಿ ಜಗಲಿಯ ಪಾತ್ರಕ್ಕೆ ಬಂದಾಗ ಎರಡೂ ಕಡೆಯವರಿಗೆ ಅರ್ಧ ಅರ್ಧ ತಿಳಿಯುವ ಒಂದು ಮೂರನೆಯ ದಾರಿಯೇ ತೆರೆಯಿತು. ಈಗ ಅವಳಿಲ್ಲದೆ ಉಳ್ಳಾಲದ ಕಡೆ ಹೋಗುವುದೇ ಇಲ್ಲ.

ಇನ್ನು ಜಾಗದ ವಿಷಯ. ಹೆಗ್ಗೋಡಿನ ನೀನಾಸಂ 1985ರಿಂದ ನಡೆಸಿಕೊಂಡು ಬಂದ ತಿರುಗಾಟ ನೋಡಿಯೇ ಬೆಳೆದವರು ನಾವೆಲ್ಲ. ಅಂಥ ಸಂಸ್ಥೆಗೆ ಊರೂರಲ್ಲಿ ಸಂಘಟಕರಿರುತ್ತಾರೆ, ನಮ್ಮನ್ನು ಯಾರು ಕರೆಯುತ್ತಾರೆ? ಕಣ್ಣೆದುರಿಗೇ ಒಂದು ವ್ಯವಸ್ಥೆ ಇತ್ತು, ನಾಟಕದವರು ಯಾರೂ ಅದನ್ನು ಮುಟ್ಟಿರಲಿಲ್ಲ. ಯಕ್ಷಗಾನದ ಹರಕೆಯ ಆಟ. ಮನೆಯವರು ಮೇಳವನ್ನು ಕರೆಸಿ ಆಟ ಆಡಿಸುತ್ತಾರೆ, ಊರಿಗೆಲ್ಲ ಊಟ ಹಾಕುತ್ತಾರೆ, ಕಟೀಲು ಮೇಳಕ್ಕಂತೂ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಅಂದರೆ ನಮ್ಮ ಜನರಿಗೆ ಮನೆಯಂಗಳಕ್ಕೆ ಪ್ರದರ್ಶನ ಕರೆಸಿಕೊಳ್ಳುವುದು ಹೊಸತಲ್ಲ, ಅದರಲ್ಲಿ ಮನೆಗೊಂದು ಗೌರವವೂ ಉಂಟು. ನಾವು ಮನೆಯವರ ಹತ್ತಿರ ಕೇಳಿದ್ದು ಇಷ್ಟೇ: ಅಂಗಳ ಕೊಡಿ, ಏಳು ಜನಕ್ಕೆ ರಾತ್ರಿ ಊಟ, ಮಲಗಲು ಚಾವಡಿ, ನೆರೆಕರೆಯವರಿಗೆ ನೀವೇ ಹೇಳಿಕೆ ಕೊಟ್ಟು ಕರೆಯಿರಿ. ಮೊದಲಿಗೆ 3 ಸಾವಿರ ತೆಗೆದುಕೊಳ್ಳುತ್ತಿದ್ದೆವು, ಈಗ 6 ಸಾವಿರ.

ಪುತ್ತೂರಿನ ಹತ್ತಿರದ ಒಂದು ಅಡಿಕೆ ತೋಟದ ಮನೆಗೆ ಜನವರಿಯಲ್ಲಿ ಕೇಳಲು ಹೋದೆ. ಮನೆಯ ಯಜಮಾನರು ಅಂಗಳ ತೋರಿಸಿದರು. ಮೂಲೆಯಿಂದ ಮೂಲೆಗೆ ಅಡಿಕೆ, ಕಾಲಿಡಲು ಜಾಗ ಇಲ್ಲ. “ನೋಡು ತಂಗಿ, ಇದು ಒಣಗಿ ಚಾಲಿ ಆಗ್ಬೇಕಾದ್ರೆ ನಲವತ್ತು ನಲವತ್ತೈದು ದಿವಸ ಬಿಸಿಲು ಬೇಕು. ಇದು ಎದ್ದ ಮೇಲೆ ಎರಡನೇ ಕೊಯ್ಲಿನದ್ದು ಬೀಳ್ತದೆ. ವಿಷು ಕಳೀಲಿ, ನಿನ್ನ ನಾಟಕಕ್ಕೆ ಅಂಗಳ ಸೆಗಣಿ ಸಾರಿಸಿ ಕೊಡ್ತೇನೆ” ಎಂದರು. ಕೊಟ್ಟರು ಕೂಡ. ನಮ್ಮ ವರ್ಷದ ಲೆಕ್ಕ ಅಲ್ಲಿಂದ ಹುಟ್ಟಿತು. ನವೆಂಬರಿನಿಂದ ಏಪ್ರಿಲ್ ನಡುವಿನ ತನಕ ಅಡಿಕೆ ಸೀಮೆಯ ಅಂಗಳ ಸಿಗುವುದಿಲ್ಲ, ಅದೇ ಹೊತ್ತಿಗೆ ಒಂದು ಕಡೆ ಮೇಳಗಳ ಆಟ, ಇನ್ನೊಂದು ಕಡೆ ಮಲಯಾಳದ ತುಲಾ ತಿಂಗಳ 10ರಿಂದ, ಅಂದರೆ ಅಕ್ಟೋಬರ್ ಕೊನೆಯಿಂದ, ದೈವಗಳ ತೆಯ್ಯಂ. ಯಾರೂ ನಮ್ಮನ್ನು ನೋಡಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆಗ ನಾವು ಕಾಲೇಜು, ಎನ್ಎಸ್ಎಸ್ ಶಿಬಿರ ಅಂತ ಅಲ್ಲಲ್ಲಿ ಆಡುತ್ತೇವೆ. ಏಪ್ರಿಲ್ ನಡುವಿನ ವಿಷುವಿನಿಂದ ಪತ್ತನಾಜೆಯ ತನಕ, ಅಂದರೆ ಮೇ 24ರ ಸುಮಾರಿನ ತನಕ, ಅಂಗಳಗಳು. ಒಂದೊಂದು ವಾರದಲ್ಲಿ ನಾಲ್ಕು ರಾತ್ರಿ ಆಡಿದ್ದೂ ಉಂಟು. ಅಡಿಕೆ ಬೆಳೆಗಾರರಿಗೆ ತಲಪಾಡಿ ಎಂದೂ ಅಡ್ಡ ಬಂದಿಲ್ಲ. 1973ರಲ್ಲಿ ಹುಟ್ಟಿದ ಅವರ ಸಹಕಾರ ಸಂಘ ಕ್ಯಾಂಪ್ಕೋ ಎರಡೂ ರಾಜ್ಯದವರದ್ದು. ಪುತ್ತೂರಿನಲ್ಲಿ ನೋಡಿದವರು ಪೆರ್ಲದ ನೆಂಟರಿಗೆ ಹೇಳುತ್ತಾರೆ, ಅಲ್ಲಿಂದ ಫೋನ್ ಬರುತ್ತದೆ. ನಾವು ಬ್ಯಾನರ್ ಹಾಕುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು.

ತೋಟದ ಮನೆಗಳಲ್ಲಿ ನಮ್ಮನ್ನು ತುಂಬ ಸತಾಯಿಸಿದ್ದು ಕರೆಂಟು. ಟ್ರಾನ್ಸ್‌ಫಾರ್ಮರ್ ದೂರ, ಬೇಸಿಗೆಯಲ್ಲಿ ಎಲ್ಲರ ಪಂಪೂ ಒಟ್ಟಿಗೆ ಓಡುತ್ತದೆ, ಸಂಜೆ ವೋಲ್ಟೇಜ್ 160ಕ್ಕೆ ಇಳಿಯುತ್ತದೆ. ಹ್ಯಾಲೊಜನ್ ಹಾಕಿದರೆ ಕೆಂಪು ಕೆಂಡ, ಅಷ್ಟೇ. ಜನರೇಟರ್ ತರಿಸಿದರೆ ರಾತ್ರಿಗೆ 3 ಸಾವಿರ, ಅದರ ಸದ್ದಿನಲ್ಲಿ ಮಾತು ಕೇಳಿಸದು. ಸ್ಟೆಬಿಲೈಸರ್ ಪ್ರಯೋಗಕ್ಕೆ ಒಂದು 8 ಸಾವಿರ ಹೋಯಿತು, ಹೊರಲಾಗದ ಭಾರ. ಕೊನೆಗೆ ಎಲ್‌ಇಡಿ ಪಾರ್ ಎಂಬ ರಂಗದ ದೀಪ ಎಂಟು ಕೊಂಡೆವು, ಒಂದಕ್ಕೆ ಎರಡೂವರೆ ಸಾವಿರದ ಹಾಗೆ. ಅದರೊಳಗೆ ಕರೆಂಟು ಸರಿಪಡಿಸುವ ಎಸ್‌ಎಂಪಿಎಸ್ 100 ವೋಲ್ಟಿನಿಂದ 240ರ ತನಕ ತಡೆದುಕೊಳ್ಳುತ್ತದೆ, ಪಂಪು ಓಡಿದರೂ ಬೆಳಕು ಅಲ್ಲಾಡುವುದಿಲ್ಲ. ಕೊಳ್ಳುವಾಗ ಹಿಂದಿನ ಚೀಟಿಯಲ್ಲಿ ಈ ಅಂಕಿ ನೋಡಿಯೇ ಕೊಳ್ಳಿ, 220 ಮಾತ್ರ ಬರೆದದ್ದು ಬೇಡ. ಎಲ್‌ಇಡಿಯ ಬೆಳಕಿನಲ್ಲಿ ನಟರ ಚರ್ಮದ ಬಣ್ಣ ಚೆನ್ನಾಗಿ ಕಾಣುವುದಿಲ್ಲ ಎಂಬ ದೂರು ನನಗೂ ಇದೆ. ಬಿಳಿಯನ್ನು ಪೂರ್ತಿ ತೆಗೆದು ಅಂಬರ್ ಮತ್ತು ಕೆಂಪು ಬೆರೆಸಿ, ಎದುರಿಗೆ ಬಳಸಿ ಹಳದಿಯಾದ ಮುಂಡಿನ ಬಟ್ಟೆ ಕಟ್ಟಿದರೆ ಚಿಮಣಿ ದೀಪದ ಬಣ್ಣದ ಹತ್ತಿರ ಬರುತ್ತದೆ. ಮೈಕ್ ಬಳಸುವುದಿಲ್ಲ. 150 ಜನರ ತನಕ ಬೇಡವೇ ಬೇಡ. ಅದಕ್ಕಿಂತ ಹೆಚ್ಚು ಜನ ಬಂದರೆ ಮರುದಿನ ಇನ್ನೊಂದು ಆಡುತ್ತೇವೆಯೇ ಹೊರತು ಮೈಕ್ ಇಡುವುದಿಲ್ಲ.

ಮಳೆಗಾಲ ಪೂರ್ತಿ ಕೇರಳದ ಕಡೆ. ಅಲ್ಲಿ ಊರಿಗೊಂದು ವಾಯನಶಾಲೆ, ಅಂದರೆ ಗ್ರಂಥಾಲಯ, ಮೇಲೊಂದು ಹಾಲ್, ತಲೆಗೆ ಸೂರು. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19 ವಾಚನ ದಿನ, ಅಲ್ಲಿಂದ ಒಂದು ವಾರ ಎಲ್ಲ ಗ್ರಂಥಾಲಯಗಳಿಗೂ ಏನಾದರೊಂದು ಕಾರ್ಯಕ್ರಮ ಬೇಕು. ಗಟ್ಟಿಯಾಗಿ ಪತ್ರಿಕೆ ಓದುವವನ ನಾಟಕಕ್ಕೆ ಅದಕ್ಕಿಂತ ಒಳ್ಳೆಯ ದಿನ ಯಾವುದು? ಮೊದಲ ವರ್ಷ ಸೆಕ್ರೆಟರಿಗಳಿಗೆ ಪತ್ರ ಬರೆದೆ, ಮೂರೋ ನಾಲ್ಕೋ ಉತ್ತರ ಬಂತು. ಮರುವರ್ಷ ಗ್ರಂಥಾಲಯದ ಮಹಿಳಾ ಘಟಕವಾದ ವನಿತಾ ವೇದಿಯ ಹೆಂಗಸರನ್ನು ನೇರವಾಗಿ ಕಂಡೆ. ಅವರಲ್ಲಿ ಎಷ್ಟೋ ಜನರ ತಾಯಂದಿರು, ಅತ್ತೆಯಂದಿರು ಬೀಡಿ ಕಟ್ಟಿದವರು. “ಚೇಚಿ, ಇದು ನಮ್ಮ ಅಮ್ಮನ ಕಥೆ, ನಾವೇ ನಡೆಸ್ತೇವೆ” ಎಂದು ಕಮಿಟಿಯನ್ನು ಒಪ್ಪಿಸಿದ್ದು ಅವರೇ. ಅವರು ನಡೆಸುವ ಪ್ರದರ್ಶನಕ್ಕೆ ಹೆಂಗಸರು ತುಂಬಿ ಬರುತ್ತಾರೆ, ಹಣವೂ ಹೆಚ್ಚು ಸೇರುತ್ತದೆ. ಕಮಿಟಿಯಿಂದ 8–10 ಸಾವಿರ, ಮೇಲೆ ಸಂಗ್ರಹ.

ಸಂಗ್ರಹ ಮಾಡುವುದು ಬೀಡಿ ಕಟ್ಟುವ ಮೊರದಲ್ಲಿ. ಕೊನೆಯ ದೃಶ್ಯದಲ್ಲಿ ಓದುವವನ ಪಾಲಿನ ಬೀಡಿ ಕಟ್ಟಿಕೊಡುವಾಗ ಮೊರ ರಂಗದಿಂದ ಇಳಿದು ಸಭೆಯ ಕೈಗೆ ಹೋಗುತ್ತದೆ. ಯಾರೂ ಕೇಳುವುದಿಲ್ಲ, ಯಾರೂ ಭಾಷಣ ಮಾಡುವುದಿಲ್ಲ. 120 ಜನ ಇದ್ದಲ್ಲಿ ಸರಾಸರಿ 8 ಸಾವಿರ ಬರುತ್ತದೆ. ಟಿಕೆಟ್ ಇಟ್ಟು ನೋಡಿದ್ದೂ ಇದೆ; ನಾಟಕದ ಟಿಕೆಟಿಗೆ 500 ರೂಪಾಯಿಯವರೆಗೆ ಜಿಎಸ್‌ಟಿ ಇಲ್ಲ, ಅದು ಸಮಸ್ಯೆ ಅಲ್ಲ. ಆದರೆ ಅಂಗಳದ ಬಾಗಿಲಲ್ಲಿ ಟಿಕೆಟ್ ಕೊಡಲು ಮನೆಯವರಿಗೆ ಸಂಕೋಚ. ಅವರು ಹೇಳಿಕೆ ಕೊಟ್ಟು ಕರೆದ ನೆಂಟರಿಂದ ನಾವು ಹಣ ಕೇಳುವುದು ಹೇಗೆ?

ಒಂದು ರಾತ್ರಿಯ ಲೆಕ್ಕ ಹೀಗೆ. ಮನೆಯವರದ್ದು 6, ಮೊರದ್ದು 8, ಒಟ್ಟು 14 ಸಾವಿರ. ಐವರು ನಟರು, ಬೆಳಕಿಗೆ ಒಬ್ಬರು, ನಾನು. ತಲಾ 1,200, ಅದು 8,400. ಮೊದಲ ವರ್ಷಗಳಲ್ಲಿ ತಲಾ 400 ಕೊಡುತ್ತಿದ್ದೆವು. ಹೋಗಿ ಬರುವುದಕ್ಕೆ ಸಾವಿರ, ಎಲೆ, ನೂಲು, ಬ್ಯಾಟರಿ, ಸಣ್ಣಪುಟ್ಟದ್ದಕ್ಕೆ ಆರೇಳು ನೂರು. ಪೆಟ್ಟಿಗೆಗೆ 4 ಸಾವಿರ ಬೀಳುತ್ತದೆ. ವರ್ಷಕ್ಕೆ ಒಂದೂಮುಕ್ಕಾಲು ಲಕ್ಷದ ಹತ್ತಿರ. ದೊಡ್ಡ ಹಣವಲ್ಲ, ಆದರೆ ಯಾರ ಸಹಿಗೂ ಕಾಯಬೇಕಾಗಿಲ್ಲ.

ಹೋಗಿ ಬರುವುದಕ್ಕೆ ಸಾವಿರ ಹೇಗೆ ಸಾಕು ಎಂದರೆ ಟೆಂಪೋ ಬಿಟ್ಟಿದ್ದರಿಂದ. ಹಳದಿ ಬೋರ್ಡಿನ ಗಾಡಿ ಗಡಿ ದಾಟಿದರೆ ಪರ್ಮಿಟ್ಟಿನ ಹಣ ಬೇರೆ. ಜಿಎಸ್‌ಟಿಗೆ ಮೊದಲು ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ ಸೆಟ್ಟಿನ ಮರ, ಬಟ್ಟೆ ತೋರಿಸಿ ಇದು ಮಾರಾಟಕ್ಕಲ್ಲ ಎಂದು ಪ್ರತಿ ಸಲವೂ ವಿವರಿಸಬೇಕಿತ್ತು. ಈಗ ಸೆಟ್ಟೆಂದರೆ ಆರು ಮೊರ, ಎರಡು ಚಾಪೆ, ಒಂದು ಮಡಚುವ ಬೆಂಚು, ರೇಡಿಯೋ. ಲೈಟುಗಳು ನಾಲ್ಕು ಬ್ಯಾಗಿನಲ್ಲಿ ಹಂಚಿಕೊಳ್ಳುತ್ತವೆ. ಕಾಸರಗೋಡಿನಿಂದ ಮಂಗಳೂರಿಗೆ 46 ಕಿಲೋಮೀಟರ್, ಪ್ಯಾಸೆಂಜರ್ ರೈಲಿನಲ್ಲಿ ಬಸ್ಸಿನ ಅರ್ಧಕ್ಕಿಂತ ಕಡಿಮೆ ಟಿಕೆಟ್. ಸ್ಟೇಷನ್ನಿನಿಂದ ಮುಂದೆ ಮನೆಯವರ ಜೀಪು. ರೈಲಿನಲ್ಲಿ ಹೊಸಬರಿಗೆ ಮಾತು ಒಪ್ಪಿಸುವ ಪಾಠವೂ ನಡೆಯುತ್ತದೆ. ಬೋಗಿಯ ಜನ ತಿರುಗಿ ನೋಡಿದರೆ ಪಾಠ ಸರಿಯಾಗಿದೆ ಎಂದೇ ಅರ್ಥ.

ಮಧ್ಯಾಹ್ನದ ಒಂದು ಸಣ್ಣ ಪ್ರಯೋಗವೂ ನಡೆಯುತ್ತಿದೆ. ಬೀಡಿ ಕಟ್ಟುವ ಹೆಂಗಸರು ರಾತ್ರಿ ನಾಟಕಕ್ಕೆ ಬರುವುದು ಕಷ್ಟ, ಮರುದಿನದ ಎಲೆ ಕತ್ತರಿಸಿ ಇಡಬೇಕು. ಹಾಗಾಗಿ ಇಪ್ಪತ್ತು ನಿಮಿಷದ ಒಂದು ತುಂಡನ್ನು ಬ್ರಾಂಚಿನ ಹತ್ತಿರ, ಅವರು ಕಾದು ನಿಲ್ಲುವ ಹೊತ್ತಿನಲ್ಲಿ ಆಡುತ್ತೇವೆ, ಹಣ ತೆಗೆದುಕೊಳ್ಳುವುದಿಲ್ಲ. ವಿಟ್ಲದ ಕಡೆ ಒಬ್ಬ ಅಜ್ಜಿ ನಮ್ಮ ನಟಿಯ ಮೊರದಿಂದ ಒಂದು ಬೀಡಿ ಎತ್ತಿ ನೋಡಿ, ನೂಲು ಸಡಿಲ ಎಂದು ತಾನೇ ಬಿಚ್ಚಿ ಕಟ್ಟಿಕೊಟ್ಟರು. ಆವತ್ತಿನಿಂದ ಆ ನಟಿ ಪ್ರತಿ ಪ್ರದರ್ಶನದಲ್ಲೂ ಒಂದು ಬೀಡಿ ಬಿಚ್ಚಿ ಕಟ್ಟುತ್ತಾಳೆ. ಗಲ್ಫಿನಿಂದಲೂ ಎರಡು ಸಲ ಮಾತು ಬಂದಿತ್ತು. ಕನ್ನಡದವರಿಗೆ ಕನ್ನಡದ್ದೇ ಬೇಕು, ಮಲಯಾಳಿಗಳಿಗೆ ಮಲಯಾಳದ್ದೇ ಬೇಕು, ಒಂದೇ ಹಾಲಿನಲ್ಲಿ ಎರಡು ದಿನ ಬೇರೆ ಬೇರೆ ಆಡಿ ಎಂದರು. ಟಿಕೆಟ್, ವೀಸಾ ಅವರದ್ದೇ ಆಗಿತ್ತು, ಆದರೂ ಒಪ್ಪಲಿಲ್ಲ. ಎರಡೂ ಸಂಘದವರು ಒಂದೇ ರಾತ್ರಿ ಒಟ್ಟಿಗೆ ಕೂತು ನೋಡುವುದಾದರೆ ಬರುತ್ತೇವೆ, ಸಂಭಾವನೆ ಬೇಡ ಎಂದು ಹೇಳಿ ಇಟ್ಟಿದ್ದೇನೆ.

ಈಗ ನಟರು ಹನ್ನೊಂದು ಜನ, ಜೊತೆಗೆ ಬೆಳಕಿಗೆ ಇಬ್ಬರು. ಈ ಬಗೆಯ ಎರಡನೆಯ ನಾಟಕದ ಕೆಲಸ ಈ ಮಳೆಗಾಲಕ್ಕೆ ಶುರು, ಗಡಿಯ ಆಸ್ಪತ್ರೆ ದಾರಿಯದ್ದೇ ವಸ್ತು. ಪೆಟ್ಟಿಗೆಯಿಂದ 2 ಲಕ್ಷ ತೆಗೆದಿಟ್ಟಿದ್ದೇವೆ. ಇದರಲ್ಲೂ ಪಾತ್ರಕ್ಕೆ ಇಬ್ಬರೇ, ಮೊದಲ ದಿನದಿಂದಲೇ. ಬೀಡಿಗೆ ಕೈಕೆಲಸ ಸಿಕ್ಕಿತ್ತು, ಇದಕ್ಕೆ ಯಾವ ಕೆಲಸ ಎಂದು ಹುಡುಕುತ್ತಿದ್ದೇವೆ. ಆಸ್ಪತ್ರೆಯ ಹೊರಗೆ ಕಾಯುವವರು ಕೈಯಲ್ಲಿ ಏನು ಮಾಡುತ್ತಾರೆ ಎಂದು ನೋಡಲು ನಮ್ಮ ಹುಡುಗರು ಮಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಬೀಡಿ ನಾಟಕ ಅದರ ಪಾಡಿಗೆ ನಡೆಯುತ್ತದೆ. ಮುಂದಿನ ವಿಷುವಿನ ನಂತರಕ್ಕೆ ಪುತ್ತೂರು, ಪೆರ್ಲ, ಬದಿಯಡ್ಕ ಕಡೆಯ ಅಂಗಳಗಳು ಹೆಚ್ಚುಕಡಿಮೆ ಗೊತ್ತಾಗಿವೆ, ಸುಳ್ಯದ ಕಡೆಗೆ ಮೂರ್ನಾಲ್ಕು ರಾತ್ರಿ ಇನ್ನೂ ಉಳಿದಿವೆ.